ರಕ್ಷಣೆಗೆ ಶೇಕಡ 2, ನೆರವಿಗೆ ಶೇಕಡ 1: ಲಕ್ಸೆಂಬರ್ಗ್‌ನ ಪ್ರಧಾನಮಂತ್ರಿಗೆ ಬಹಿರಂಗ ಪತ್ರ

ಮಾನ್ಯ ಪ್ರಧಾನಮಂತ್ರಿ ಲ್ಯೂಕ್ ಫ್ರೀಡನ್ ಅವರಿಗೆ ಹಾಗೂ ಕ್ರೈಸ್ತ ಸಾಮಾಜಿಕ ಜನತಾ ಪಕ್ಷದ ಎಲ್ಲ ಸದಸ್ಯರಿಗೆ,

ಗೌರವಪೂರ್ವಕ ವಂದನೆಗಳು.

2025ರ ಮೇ ತಿಂಗಳಲ್ಲಿ ಸಂಸತ್ತಿನ ಮುಂದೆ ದೇಶದ ಸ್ಥಿತಿಗತಿಯನ್ನು ಕುರಿತು ಮಾತನಾಡುತ್ತ, ನಮ್ಮ ರಕ್ಷಣಾ ವೆಚ್ಚವನ್ನು ಒಟ್ಟು ರಾಷ್ಟ್ರೀಯ ಆದಾಯದ ಶೇಕಡ 2ಕ್ಕೆ ಏರಿಸುವ ಗುರಿಯನ್ನು 2030ರವರೆಗೆ ಕಾಯದೆ ಆ ವರ್ಷದ ಕೊನೆಯೊಳಗೇ ಮುಟ್ಟುವುದಾಗಿ ನೀವು ಪ್ರಕಟಿಸಿದಿರಿ. ಮರುತಿಂಗಳು ಹೇಗ್ ನಗರದಲ್ಲಿ ಸೇರಿದ ನೇಟೊ ನಾಯಕರು, 2035ರ ವೇಳೆಗೆ ನೇರ ರಕ್ಷಣಾ ವೆಚ್ಚ ಶೇಕಡ 3.5 ಮತ್ತು ಅದಕ್ಕೆ ಸಂಬಂಧಪಟ್ಟ ಇತರ ವೆಚ್ಚ ಶೇಕಡ 1.5 ಆಗಬೇಕೆಂದು ಒಪ್ಪಿಕೊಂಡರು. ಈ ಎರಡೂ ನಿರ್ಧಾರಗಳನ್ನು ವಿರೋಧಿಸುವ ಸಲುವಾಗಿ ನಾನು ಈ ಪತ್ರವನ್ನು ಬರೆಯುತ್ತಿಲ್ಲ. ಆ ಹಣ ಬಜೆಟ್ಟಿನ ಯಾವ ಬಾಬ್ತಿನಿಂದ ಬರುತ್ತದೆ ಎಂಬುದನ್ನು, ಅದು ಬರುವ ಮೊದಲೇ, ನಮ್ಮ ಪಕ್ಷದ ವಿಚಾರಪರಂಪರೆಯ ಹೆಸರಿನಲ್ಲಿ ಕೇಳಬೇಕಾಗಿದೆ.

ನಾನು ಮಂಗಳೂರಿನಲ್ಲಿ ಹುಟ್ಟಿ, ಈ ದೇಶದ ಪೌರತ್ವ ಪಡೆದು, ಇಲ್ಲಿಯೇ ಮತ ಹಾಕುತ್ತಿರುವವನು. ಪತ್ರದ ಫ್ರೆಂಚ್ ಪ್ರತಿ ನಿಮ್ಮ ಕಚೇರಿಯನ್ನು ತಲುಪುತ್ತದೆ. ಈ ಕನ್ನಡ ಪ್ರತಿಯನ್ನು, ಇಲ್ಲಿ ನೆಲೆಸಿ ಮತದಾನದ ಹಕ್ಕು ಪಡೆದಿರುವ ಕನ್ನಡಿಗರಿಗಾಗಿಯೂ, ಲಕ್ಸೆಂಬರ್ಗ್ ಎಂದರೆ ಮ್ಯೂಚುವಲ್ ಫಂಡ್ ಕಾಗದಗಳ ಮೂಲೆಯಲ್ಲಿ ಕಾಣುವ ಒಂದು ವಿಳಾಸ ಎಂದಷ್ಟೇ ತಿಳಿದಿರುವ ಊರಿನವರಿಗಾಗಿಯೂ ಪ್ರಕಟಿಸುತ್ತಿದ್ದೇನೆ.

ಊರಿನ ಓದುಗರಿಗೆ ಪಕ್ಷದ ಹೆಸರಿನಲ್ಲಿರುವ ‘ಕ್ರೈಸ್ತ’ ಎಂಬ ಪದ ಕಿವಿಗೆ ಚುಚ್ಚಬಹುದು. ಧರ್ಮದ ಹೆಸರು ಹೊತ್ತ ಪಕ್ಷಗಳ ಬಗ್ಗೆ ಭಾರತದಲ್ಲಿ ಬೆಳೆದವರಿಗೆ ಇರುವ ಎಚ್ಚರ ನ್ಯಾಯವಾದದ್ದೇ. ಯುರೋಪಿನ ಕ್ರೈಸ್ತ ಪ್ರಜಾಪ್ರಭುತ್ವವಾದ ಪಾದ್ರಿಗಳ ಆಳ್ವಿಕೆಯನ್ನು ಬಯಸಿ ಬೆಳೆದ ಚಿಂತನೆಯಲ್ಲ. ಕಾರ್ಖಾನೆಯ ಕೂಲಿಕಾರನ ಪಾಡನ್ನು ಕುರಿತು 1891ರಲ್ಲಿ ಹದಿಮೂರನೆಯ ಲಿಯೊ ಪೋಪರು ಹೊರಡಿಸಿದ ಸುತ್ತೋಲೆಯಿಂದ ಹಿಡಿದು, ಎರಡು ಮಹಾಯುದ್ಧಗಳ ಅನುಭವವನ್ನು ಹೀರಿಕೊಂಡು ಅದು ರೂಪುಗೊಂಡಿತು. ಅದರ ತಿರುಳನ್ನು ಹೀಗೆ ಹೇಳಬಹುದು: ರಾಜ್ಯಕ್ಕಿಂತಲೂ ಮಾರುಕಟ್ಟೆಗಿಂತಲೂ ಮನುಷ್ಯನ ಘನತೆ ಮೊದಲು, ಚಿಕ್ಕ ಘಟಕ ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡದು ಕಿತ್ತುಕೊಳ್ಳಬಾರದು, ಚಿಕ್ಕದರ ಕೈಮೀರಿದ ಕೆಲಸದಿಂದ ದೊಡ್ಡದು ನುಣುಚಿಕೊಳ್ಳಲೂಬಾರದು, ಆಸ್ತಿಯ ಒಡೆತನ ನ್ಯಾಯವೇ, ಆದರೆ ಅದಕ್ಕೆ ಸಮಾಜದ ಋಣ ಅಂಟಿಕೊಂಡಿರುತ್ತದೆ. ಈ ಮೂರನ್ನೂ ಗಡಿಯಾಚೆಗೆ ಚಾಚಿದರೆ ಒಂದು ಚಿಕ್ಕ ದೇಶದ ವಿದೇಶಾಂಗ ನೀತಿ ದೊರೆಯುತ್ತದೆ. ಲಕ್ಸೆಂಬರ್ಗ್‌ಗೆ ಅದು ದೊರೆತದ್ದೂ ಹಾಗೆಯೇ.

ಆದರೆ ಅದು ಪುಸ್ತಕದಿಂದ ಬಂದದ್ದಲ್ಲ. 1867ರ ಲಂಡನ್ ಒಪ್ಪಂದ ನಮ್ಮನ್ನು ಶಾಶ್ವತ ತಟಸ್ಥ ರಾಷ್ಟ್ರವೆಂದು ಘೋಷಿಸಿ, ರಾಜಧಾನಿಯ ಪ್ರಸಿದ್ಧ ಕೋಟೆಯನ್ನು ಕೆಡವಿಸಿತು. ಕೋಟೆಯಿಲ್ಲದ, ಹೆಚ್ಚುಕಡಿಮೆ ಸೈನ್ಯವೇ ಇಲ್ಲದ ಆ ತಟಸ್ಥ ದೇಶದೊಳಕ್ಕೆ 1914ರ ಆಗಸ್ಟ್ 2ರಂದು ಜರ್ಮನ್ ಪಡೆಗಳು ನುಗ್ಗಿದವು. 1940ರ ಮೇ 10ರಂದು ಮತ್ತೆ ನುಗ್ಗಿದವು. ಎರಡನೆಯ ಸಲ ಬಂದವರು ದೇಶವನ್ನು ಜರ್ಮನಿಯೊಳಗೆ ಕರಗಿಸಲು ಹೊರಟು, 1942ರ ಆಗಸ್ಟ್ ಕೊನೆಯಲ್ಲಿ ಇಲ್ಲಿಯ ಯುವಕರನ್ನು ಬಲವಂತವಾಗಿ ತಮ್ಮ ಸೈನ್ಯಕ್ಕೆ ಸೇರಿಸಿಕೊಳ್ಳುವ ಆಜ್ಞೆ ಹೊರಡಿಸಿದರು. ಅದರ ವಿರುದ್ಧ ಕಾರ್ಖಾನೆ, ಶಾಲೆ, ಕಚೇರಿಗಳಲ್ಲಿ ಮುಷ್ಕರ ನಡೆದಾಗ 21 ಮಂದಿಯನ್ನು ಕೊಂದರು. ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ನಮ್ಮ ಸರ್ಕಾರ, ಬೆಲ್ಜಿಯಂ ಮತ್ತು ನೆದರ್ಲ್ಯಾಂಡ್ಸ್‌ಗಳೊಂದಿಗೆ ಬೆನೆಲಕ್ಸ್ ಸುಂಕ ಒಕ್ಕೂಟದ ಒಪ್ಪಂದಕ್ಕೆ ಸಹಿ ಹಾಕಿದ್ದು 1944ರ ಸೆಪ್ಟೆಂಬರ್ 5ರಂದು. ರಾಜಧಾನಿ ಬಿಡುಗಡೆಯಾದದ್ದು ಅದಾದ ಐದು ದಿನಗಳ ಮೇಲೆ. ನೆಲ ಇನ್ನೂ ಕೈಗೆ ಬಂದಿರಲಿಲ್ಲ, ಆಗಲೇ ಆ ನೆಲದ ಸಾರ್ವಭೌಮತ್ವವನ್ನು ನೆರೆಯವರೊಂದಿಗೆ ಹಂಚಿಕೊಳ್ಳಲು ಅವರು ಸಿದ್ಧರಾಗಿದ್ದರು ಎಂಬುದನ್ನು ನಾವು ಸಾಕಷ್ಟು ನೆನೆಯುವುದಿಲ್ಲ. 1948ರಲ್ಲಿ ಸಂವಿಧಾನದಿಂದ ತಟಸ್ಥತೆಯ ಮಾತನ್ನು ಕೈಬಿಟ್ಟೆವು; ಮರುವರ್ಷ ನೇಟೊದ ಸ್ಥಾಪಕ ಸದಸ್ಯರಾದೆವು.

ಆ ದಿನಗಳ ವಿದೇಶಾಂಗ ಸಚಿವ ಜೋಸೆಫ್ ಬೆಕ್ ನಮ್ಮ ಪಕ್ಷದವರು. 1926ರಿಂದ 1959ರವರೆಗೆ ಆ ಖಾತೆ ಅವರ ಕೈಯಲ್ಲಿತ್ತು. ಕಲ್ಲಿದ್ದಲು ಮತ್ತು ಉಕ್ಕನ್ನು ಯುರೋಪಿನ ಒಂದೇ ಅಧಿಕಾರದ ಕೆಳಗೆ ತರುವ ಪ್ರಸ್ತಾಪವನ್ನು 1950ರ ಮೇ 9ರಂದು ರಾಬರ್ಟ್ ಶುಮನ್ ಮುಂದಿಟ್ಟಾಗ (ಅವರು ಹುಟ್ಟಿದ್ದು ಇಲ್ಲಿಯ ಕ್ಲೌಸೆನ್‌ನಲ್ಲಿ, ತಾಯಿ ಇಲ್ಲಿಯವರು), ಫ್ರಾನ್ಸ್ ಮತ್ತು ಜರ್ಮನಿಗಳಿಗೆ ಅದು ಹಲವು ಉದ್ಯಮಗಳಲ್ಲಿ ಒಂದರ ಪ್ರಶ್ನೆಯಾಗಿತ್ತು. ನಮಗೆ ಉಕ್ಕೇ ಸರ್ವಸ್ವವಾಗಿತ್ತು. ಅಂಥ ಉಕ್ಕಿನ ಮೇಲಿನ ಹಿಡಿತವನ್ನು ಹೊರಗಿನ ಅಧಿಕಾರಕ್ಕೆ ಒಪ್ಪಿಸುವುದು ಸುಲಭದ ಮಾತಲ್ಲ. ಬೆಕ್ ಹಠ ಹಿಡಿದು ಚೌಕಾಸಿ ಮಾಡಿದರು, ಆದರೆ ಒಪ್ಪಿಸಿದರು. 1952ರ ಆಗಸ್ಟ್‌ನಲ್ಲಿ ಆ ಉನ್ನತ ಪ್ರಾಧಿಕಾರ ಕೆಲಸ ಆರಂಭಿಸಿದ್ದು ನಮ್ಮ ನಗರದಲ್ಲಿಯೇ. ಯುರೋಪಿನ ನ್ಯಾಯಾಲಯ ಇಂದಿಗೂ ಕಿರ್ಶ್‌ಬರ್ಗ್ ದಿಣ್ಣೆಯ ಮೇಲಿದೆ. 2,586 ಚದರ ಕಿಲೋಮೀಟರಿನ, ಇಂದಿಗೂ ಏಳು ಲಕ್ಷ ಜನಸಂಖ್ಯೆ ಮುಟ್ಟದ ಈ ದೇಶ, ತನ್ನ ಹಿಡಿತವನ್ನು ಬಿಟ್ಟುಕೊಟ್ಟಲ್ಲೆಲ್ಲ ಧ್ವನಿಯನ್ನು ಗಳಿಸಿತು. ಇದು ನಮ್ಮ ಪಕ್ಷ ಕಟ್ಟಿದ ನೀತಿ. 1974ರಿಂದ 1979 ಮತ್ತು 2013ರಿಂದ 2023, ಈ ಎರಡು ಅವಧಿಗಳನ್ನು ಬಿಟ್ಟರೆ ಯುದ್ಧಾನಂತರದ ಪ್ರಧಾನಿಗಳೆಲ್ಲ ನಮ್ಮವರೇ ಆದ್ದರಿಂದ, ಅದರ ಹೆಮ್ಮೆಯೂ ನಮ್ಮದು, ಲೋಪವೂ ನಮ್ಮದು.

ಈ ಹಿನ್ನೆಲೆಯಿಂದ ನೋಡಿದಾಗ ರಕ್ಷಣಾ ವೆಚ್ಚ ಹೆಚ್ಚಿಸುವುದರಲ್ಲಿ ನನಗೆ ಆಕ್ಷೇಪವಿಲ್ಲ. 1940ರ ಮೇ ತಿಂಗಳನ್ನು ಕಂಡ ದೇಶ ಉಕ್ರೇನ್ ವಿಷಯದಲ್ಲಿ ತಟಸ್ಥವಾಗಿರಲಾರದು. ಸುಮಾರು ಸಾವಿರ ಯೋಧರ ಸೈನ್ಯ ಇಟ್ಟುಕೊಂಡು ನಾವು ಒಂಟಿಯಾಗಿ ಏನನ್ನೂ ರಕ್ಷಿಸಿಕೊಳ್ಳಲಾರೆವು ಎಂಬುದೂ ನಿಜ. ಬೆಲ್ಜಿಯಂ ಜೊತೆಗೂಡಿ ಹಾರಿಸುತ್ತಿರುವ ಒಂದೇ ಒಂದು ಎ400ಎಂ ಸಾರಿಗೆ ವಿಮಾನ, 2018ರಲ್ಲಿ ಮೇಲೇರಿದ ಗವ್‌ಸ್ಯಾಟ್ ಉಪಗ್ರಹ, ಬೆಲ್ಜಿಯಂ ಸೈನ್ಯದೊಂದಿಗೆ ಕಟ್ಟುತ್ತಿರುವ ಜಂಟಿ ಪಡೆ, ಇವೆಲ್ಲ ಚಿಕ್ಕವರು ಹಂಚಿಕೊಂಡು ದೊಡ್ಡವರಾಗುವ ಹಳೆಯ ನೀತಿಯ ಮುಂದುವರಿಕೆಗಳೇ. ಪ್ರತಿದಿನ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಮೂರು ನೆರೆದೇಶಗಳಿಂದ ಗಡಿ ದಾಟಿ ಬಂದು ದುಡಿಯುವುದರಿಂದ ನಮ್ಮ ಒಟ್ಟು ದೇಶೀಯ ಉತ್ಪನ್ನ ಉಬ್ಬಿಕೊಂಡಂತೆ ಕಾಣುತ್ತದೆ, ಆದ್ದರಿಂದ ರಕ್ಷಣೆಯ ಪಾಲನ್ನು ರಾಷ್ಟ್ರೀಯ ಆದಾಯದ ಮೇಲೆ ಲೆಕ್ಕ ಹಾಕಬೇಕು ಎಂಬ ನಮ್ಮ ವಾದವೂ ಸರಿಯಾದದ್ದೇ.

ಅಭಿವೃದ್ಧಿ ನೆರವನ್ನು ಲೆಕ್ಕ ಹಾಕುವುದೂ ಅದೇ ರಾಷ್ಟ್ರೀಯ ಆದಾಯದ ಮೇಲೆ. ಹೀಗಾಗಿ ಎರಡು ಅಂಕಿಗಳು ಈಗ ಒಂದೇ ಸಾಲಿನಲ್ಲಿ ನಿಂತಿವೆ. ಶ್ರೀಮಂತ ದೇಶಗಳು ತಮ್ಮ ಆದಾಯದ ಶೇಕಡ 0.7ನ್ನು ಬಡದೇಶಗಳಿಗೆ ನೀಡಬೇಕೆಂದು ವಿಶ್ವಸಂಸ್ಥೆ 1970ರಲ್ಲಿ ಗೊತ್ತುಪಡಿಸಿತು. ನಾವು ಅದನ್ನು 2000ದ ಹೊತ್ತಿಗೆ ಮುಟ್ಟಿ, ಕಳೆದ ಹದಿನೈದು ವರ್ಷಗಳಿಂದ ಶೇಕಡ 1ರ ಆಸುಪಾಸಿನಲ್ಲಿ ನಿಂತಿದ್ದೇವೆ. 2024ರಲ್ಲಿ ಆ ಮಟ್ಟದಲ್ಲಿ ನಮ್ಮ ಜೊತೆ ಇದ್ದದ್ದು ನಾರ್ವೆ ಮಾತ್ರ. ಸ್ವೀಡನ್ ಮತ್ತು ಡೆನ್ಮಾರ್ಕ್ 0.7ರ ಗೆರೆಯನ್ನು ದಾಟಿದ್ದವು, ಅಷ್ಟೇ. 2025ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಪ್ರಧಾನಿ, ಸೈನ್ಯಕ್ಕೆ ಹಣ ಹೊಂದಿಸಲು ನೆರವನ್ನು ಶೇಕಡ 0.5ರಿಂದ 0.3ಕ್ಕೆ ಇಳಿಸುವುದಾಗಿ ಮುಚ್ಚುಮರೆಯಿಲ್ಲದೆ ಹೇಳಿದರು. ಅದೇ ವರ್ಷ ಅಮೆರಿಕ ತನ್ನ ನೆರವಿನ ಸಂಸ್ಥೆಯನ್ನೇ ಮುಚ್ಚಿತು. ನಿಮ್ಮ ಸರ್ಕಾರ ಅಂಥ ಮಾತನ್ನು ಆಡಿಲ್ಲ. ಸರ್ಕಾರ ರಚಿಸುವಾಗ ಎರಡು ಪಕ್ಷಗಳು ಮಾಡಿಕೊಂಡ ಮೈತ್ರಿ ಒಪ್ಪಂದ ಶೇಕಡ 1ನ್ನು ಉಳಿಸಿಕೊಂಡಿದೆ. ಆದರೂ, ರಕ್ಷಣೆ ಶೇಕಡ 2ರಿಂದ 3.5ಕ್ಕೆ ಏರಬೇಕಾದರೆ ಹೆಚ್ಚುವರಿಯಾಗಿ ಬೇಕಾಗುವುದು ನಮ್ಮ ಇಡೀ ನೆರವಿನ ಒಂದೂವರೆಪಟ್ಟು. ಅಷ್ಟು ದೊಡ್ಡ ಹಸಿವಿನ ಎದುರು ಮೈತ್ರಿ ಒಪ್ಪಂದದ ಒಂದು ವಾಕ್ಯ ಎಷ್ಟು ದಿನ ತಡೆದೀತು?

ವಿದೇಶಾಂಗ ಮತ್ತು ಅಭಿವೃದ್ಧಿ ಸಹಕಾರ ಖಾತೆಗಳು ಶ್ರೀ ಝೇವಿಯರ್ ಬೆಟ್ಟೆಲ್ ಅವರ ಬಳಿ, ರಕ್ಷಣೆ ಶ್ರೀಮತಿ ಯುರಿಕೊ ಬಾಕೆಸ್ ಅವರ ಬಳಿ ಇವೆ, ಇಬ್ಬರೂ ಮೈತ್ರಿಪಕ್ಷದವರು. ಹಣಕಾಸು ಮಾತ್ರ ನಮ್ಮವರೇ ಆದ ಶ್ರೀ ಗಿಲ್ಸ್ ರಾತ್ ಅವರ ಕೈಯಲ್ಲಿದೆ. ಅಂದರೆ ಈ ಎರಡು ಅಂಕಿಗಳ ನಡುವೆ ಕೊನೆಯ ಆಯ್ಕೆ ಮಾಡಬೇಕಾದವರು ಕ್ರೈಸ್ತ ಪ್ರಜಾಪ್ರಭುತ್ವವಾದಿಗಳು. ‘ಅದು ಮೈತ್ರಿಪಕ್ಷದ ಖಾತೆ’ ಎಂಬ ಉತ್ತರ ನಮ್ಮಿಂದ ಬರಕೂಡದು.

ನೆರವಿನ ವಿರುದ್ಧ ನಮ್ಮ ಪಕ್ಷದೊಳಗೇ ಕೇಳಿಬರುವ ವಾದವೊಂದನ್ನು ಗಂಭೀರವಾಗಿ ಎತ್ತಿಕೊಳ್ಳಬೇಕು. ಪಶ್ಚಿಮ ಆಫ್ರಿಕಾದ ಮಾಲಿ, ಬುರ್ಕಿನಾ ಫಾಸೊ, ನೈಜರ್‌ಗಳಲ್ಲಿ ನಾವು ದಶಕಗಳ ಕಾಲ ದುಡಿದೆವು, ಕೊನೆಗೆ 2020ರಿಂದ 2023ರೊಳಗೆ ಮೂರೂ ಕಡೆ ಸೈನಿಕರು ಅಧಿಕಾರ ಹಿಡಿದು ಯುರೋಪನ್ನು ಹೊರದಬ್ಬಿ ರಷ್ಯಾದತ್ತ ವಾಲಿದರು, ಹಾಗಿದ್ದ ಮೇಲೆ ಏನು ಫಲ ಎಂಬುದು ಆ ವಾದ. ಹಳ್ಳಿಗೆ ನೀರು ಬಂದದ್ದು, ಹೆರಿಗೆಗೆ ಸೂಲಗಿತ್ತಿಯ ತರಬೇತಿ ಪಡೆದವಳೊಬ್ಬಳು ಇದ್ದದ್ದು, ಹುಡುಗನೊಬ್ಬ ಕಸುಬು ಕಲಿತದ್ದು ಇವೆಲ್ಲ ಮಾಸ್ಕೋದ ಎದುರು ನಿಷ್ಠೆಯನ್ನು ಕೊಳ್ಳಲು ಕೊಟ್ಟ ಮುಂಗಡವಾಗಿದ್ದರೆ ಆ ವಾದ ಸರಿ. ಆಗ ನಾವು ಮೋಸಹೋದೆವು ಎನ್ನಬೇಕು. ಮನುಷ್ಯನ ಘನತೆ ಮೊದಲು ಎಂಬ ಮಾತಿನಲ್ಲಿ ಹುರುಳಿದ್ದರೆ, ಆ ನೀರು ಕುಡಿದವರ ಸರ್ಕಾರ ಕೆಟ್ಟದ್ದಾಯಿತೆಂಬ ಕಾರಣಕ್ಕೆ ನೀರು ವ್ಯರ್ಥವಾಗುವುದಿಲ್ಲ. ನೆರವನ್ನು ಯಾರ ಮೂಲಕ ಕೊಡಬೇಕು, ಸರ್ಕಾರದ ಬೊಕ್ಕಸಕ್ಕೋ ಊರಿನ ಸಂಸ್ಥೆಗಳಿಗೋ ಎಂಬುದು ಬೇರೆ ಪ್ರಶ್ನೆ. ಅಲ್ಲಿ ಬದಲಾವಣೆ ಬೇಕು ಎನ್ನುವವರ ಜೊತೆ ನಾನೂ ಇದ್ದೇನೆ. ಇನ್ನೊಂದು ಕಡೆ ಕೇಪ್ ವರ್ಡೆಯನ್ನು ನೋಡಬೇಕು. 1975ರಲ್ಲಿ ಸ್ವತಂತ್ರವಾದ, ಮಳೆಗಾಣದ ಆ ದ್ವೀಪಸಮೂಹ 2007ರಲ್ಲಿ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂದಿತು. ಆ ಸಾಧನೆ ಅಲ್ಲಿಯ ಜನರದ್ದು. ಆದರೆ ಆ ದಾರಿಯಲ್ಲಿ ಬಿಡದೆ ಜೊತೆಯಲ್ಲಿ ನಡೆದವರಲ್ಲಿ ನಾವೂ ಇದ್ದೆವು, ಮತ್ತು ಅಲ್ಲಿಂದ ಬಂದ ಸಾವಿರಾರು ಮಂದಿ ಇಂದು ಇಲ್ಲಿ ನಮ್ಮ ನೆರೆಹೊರೆಯವರಾಗಿದ್ದಾರೆ.

ಇಲ್ಲಿಯವರೆಗಿನದು ಖರ್ಚಿನ ಮಾತಾಯಿತು. ಆದಾಯದ ಮಾತು ಇನ್ನೂ ಕಷ್ಟದ್ದು.

2025ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ವಿಶ್ವಸಂಸ್ಥೆಯ ಸಭೆಯಲ್ಲಿ, ಫ್ರಾನ್ಸ್ ಮೊದಲಾದ ದೇಶಗಳ ಜೊತೆಗೂಡಿ ಲಕ್ಸೆಂಬರ್ಗ್ ಪ್ಯಾಲೆಸ್ತೀನ್ ರಾಷ್ಟ್ರಕ್ಕೆ ಮಾನ್ಯತೆ ನೀಡಿತು. ಇಸ್ರೇಲಿನ ಭದ್ರತೆಯ ಹಕ್ಕನ್ನು ಮರೆಯದೆ, ಎರಡು ರಾಷ್ಟ್ರಗಳ ಪರಿಹಾರಕ್ಕೆ ಬಾಗಿಲು ಮುಚ್ಚದಂತೆ ಇಟ್ಟ ಆ ಹೆಜ್ಜೆಯನ್ನು ನಾನು ಸ್ವಾಗತಿಸಿದೆ. ಅದೇ ತಿಂಗಳ ಆರಂಭದಲ್ಲಿ, ಯುರೋಪಿನಲ್ಲಿ ಇಸ್ರೇಲ್ ಸರ್ಕಾರದ ಬಾಂಡ್‌ಗಳನ್ನು ಮಾರಲು ಬೇಕಾದ ಪ್ರಾಸ್ಪೆಕ್ಟಸ್‌ಗೆ (ಹೂಡಿಕೆದಾರರಿಗೆ ವಿವರ ನೀಡುವ ದಾಖಲೆಗೆ) ಅನುಮೋದನೆ ನೀಡುವ ಕೆಲಸ ಐರ್ಲೆಂಡಿನಿಂದ ನಮ್ಮ ಹಣಕಾಸು ನಿಯಂತ್ರಕ ಸಂಸ್ಥೆಗೆ ಬಂದಿತು, ಅನುಮೋದನೆಯೂ ಸಿಕ್ಕಿತು. ನಿಯಂತ್ರಕ ಸಂಸ್ಥೆ ಸ್ವತಂತ್ರವಾದದ್ದು, ಕಾಗದಪತ್ರ ಕ್ರಮಬದ್ಧವಾಗಿದೆಯೇ ಎಂದಷ್ಟೇ ನೋಡುತ್ತದೆ ಎಂಬ ವಿವರಣೆ ಕಾನೂನಿನ ಪ್ರಕಾರ ಸರಿ. ಆದರೆ ಹೊರಗಿನಿಂದ ನೋಡುವವನಿಗೆ ಒಂದೇ ತಿಂಗಳಲ್ಲಿ ಎರಡು ವಿದೇಶಾಂಗ ನೀತಿಗಳು ಕಂಡವು: ಒಂದು ನ್ಯೂಯಾರ್ಕ್‌ನಲ್ಲಿ ಭಾಷಣವಾಗಿ, ಇನ್ನೊಂದು ಲಕ್ಸೆಂಬರ್ಗ್‌ನಲ್ಲಿ ಅನುಮೋದನೆಯಾಗಿ. ಐದು ಲಕ್ಷ ಕೋಟಿ ಯೂರೊಗಳಿಗೂ ಮೀರಿದ ಹೂಡಿಕೆ ನಿಧಿಗಳು ನೋಂದಣಿಯಾಗಿರುವ, ಈ ಉದ್ಯಮದಲ್ಲಿ ಅಮೆರಿಕದ ನಂತರದ ಸ್ಥಾನದಲ್ಲಿರುವ ದೇಶಕ್ಕೆ, ಹಣಕಾಸು ಕೇಂದ್ರವೇ ಅತಿ ದೊಡ್ಡ ರಾಯಭಾರ ಕಚೇರಿ. ಅದು ಏನು ಮಾಡುತ್ತದೆಯೋ ಅದನ್ನೇ ಜಗತ್ತು ನಮ್ಮ ನಿಲುವು ಎಂದು ಓದುತ್ತದೆ.

2014ರ ನವೆಂಬರ್‌ನಲ್ಲಿ ಲಕ್ಸ್‌ಲೀಕ್ಸ್ ಕಾಗದಗಳು ಹೊರಬಿದ್ದಾಗ ಆದದ್ದೂ ಅದೇ. ಬಹುರಾಷ್ಟ್ರೀಯ ಕಂಪನಿಗಳು ನಮ್ಮ ತೆರಿಗೆ ಕಚೇರಿಯಿಂದ ಪಡೆದ ಒಪ್ಪಿಗೆಗಳು ಜಗಜ್ಜಾಹೀರಾದವು. ಅವುಗಳನ್ನು ಹೊರತಂದವರನ್ನು ನಾವು ನ್ಯಾಯಾಲಯಕ್ಕೆಳೆದೆವು. ಕೊನೆಗೆ 2023ರ ಫೆಬ್ರವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠ, ಅವರಲ್ಲೊಬ್ಬರಾದ ರಾಫೆಲ್ ಹಾಲೆ ಅವರ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಲಕ್ಸೆಂಬರ್ಗ್ ಧಕ್ಕೆ ತಂದಿದೆ ಎಂದು ತೀರ್ಪಿತ್ತಿತು. ಬಡದೇಶದ ಬೊಕ್ಕಸಕ್ಕೆ ಸೇರಬೇಕಾದ ತೆರಿಗೆ ಇಂಥ ದಾರಿಗಳಲ್ಲಿ ಸೋರಿಹೋದರೆ, ಶೇಕಡ 1ರ ನೆರವು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ ಆಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಇಲ್ಲಿಗೆ ಬಂದಾಗ, ಸಂಪತ್ತು ಎಂಬುದು ಒಂದು ಹೊಣೆ, ಹಿಂದುಳಿದ ದೇಶಗಳನ್ನು ಮರೆಯಬೇಡಿ ಎಂಬ ಅರ್ಥದ ಮಾತನ್ನು ಹೇಳಿದರು. ಮುಂದಿನ ಸಾಲಿನಲ್ಲಿ ಕುಳಿತವರೆಲ್ಲ ಚಪ್ಪಾಳೆ ತಟ್ಟುವಂಥ ಮಾತು ಅದು. ಅದನ್ನು ತೆರಿಗೆ ಕಾಯ್ದೆಯ ಮಾತಾಗಿ ಕೇಳಿಸಿಕೊಳ್ಳುವುದು ಕಷ್ಟ.

ಆದರೂ ಅದು ಅಸಾಧ್ಯವೇನಲ್ಲ, ಮತ್ತು ಇದಕ್ಕೆ ನೀವೇ ಸಾಕ್ಷಿ. ನೀವು ಹಣಕಾಸು ಸಚಿವರಾಗಿದ್ದಾಗ, 2013ರ ಏಪ್ರಿಲ್‌ನಲ್ಲಿ, ಯುರೋಪಿನ ಇತರ ದೇಶಗಳ ನಿವಾಸಿಗಳ ಬ್ಯಾಂಕ್ ಬಡ್ಡಿಯ ವಿವರಗಳನ್ನು 2015ರಿಂದ ತಾನಾಗಿಯೇ ಹಂಚಿಕೊಳ್ಳುವುದಾಗಿ ನಮ್ಮ ಸರ್ಕಾರ ಪ್ರಕಟಿಸಿತು. ಬ್ಯಾಂಕಿನ ಗುಟ್ಟು ಹೋದರೆ ಹಣಕಾಸು ಕೇಂದ್ರ ಬರಿದಾಗುತ್ತದೆ ಎಂದು ವರ್ಷಗಟ್ಟಲೆ ಹೆದರಿಸಿದವರಿದ್ದರು. ಗುಟ್ಟು ಹೋಯಿತು, ಕೇಂದ್ರ ಬೆಳೆಯಿತು. ಅಮೆರಿಕದ ಒತ್ತಡ ಇಲ್ಲದಿದ್ದರೆ ಆ ನಿರ್ಧಾರ ಬರುತ್ತಿತ್ತೇ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿದೆ: ಬೇಗ ಬರುತ್ತಿರಲಿಲ್ಲ. ಆದ್ದರಿಂದಲೇ ಮುಂದಿನ ಹೆಜ್ಜೆಯನ್ನು ಒತ್ತಡ ಬರುವ ಮೊದಲು ಇಡಬೇಕೆಂದು ಕೇಳುತ್ತಿದ್ದೇನೆ.

ಆ ಹೆಜ್ಜೆ ವೀಟೊಗೆ, ಅಂದರೆ ಯುರೋಪಿಯನ್ ಒಕ್ಕೂಟದ ತೀರ್ಮಾನವನ್ನು ಒಂದೇ ದೇಶ ತಡೆಯಬಲ್ಲ ಅಧಿಕಾರಕ್ಕೆ, ಸಂಬಂಧಿಸಿದ್ದು. 2023ರ ಮೇ ತಿಂಗಳಲ್ಲಿ ಜರ್ಮನಿ, ಫ್ರಾನ್ಸ್ ಸೇರಿದಂತೆ ಒಂಬತ್ತು ದೇಶಗಳು, ಯುರೋಪಿನ ವಿದೇಶಾಂಗ ಮತ್ತು ಭದ್ರತಾ ವಿಷಯಗಳಲ್ಲಿ ಸರ್ವಾನುಮತದ ಬದಲು ಅರ್ಹ ಬಹುಮತದಿಂದ (ದೇಶಗಳ ಸಂಖ್ಯೆ ಮತ್ತು ಜನಸಂಖ್ಯೆ ಎರಡನ್ನೂ ಲೆಕ್ಕಿಸುವ ಬಹುಮತದಿಂದ) ತೀರ್ಮಾನಗಳಾಗಲಿ ಎಂದು ಒಂದು ಗುಂಪು ಕಟ್ಟಿದಾಗ ಲಕ್ಸೆಂಬರ್ಗ್ ಅದರಲ್ಲಿ ಸೇರಿತ್ತು. ಉಕ್ರೇನಿನ ನೆರವನ್ನು ಹಂಗರಿ ಒಂದೇ ಕೈಯೆತ್ತಿ ತಡೆಹಿಡಿದಾಗ ನಾವು ಸಿಡಿಮಿಡಿಗೊಂಡದ್ದು ನ್ಯಾಯವೇ. ಆದರೆ ತೆರಿಗೆಯ ಮಾತು ಬಂದ ಕೂಡಲೇ ಸರ್ವಾನುಮತವೇ ಚಿಕ್ಕ ದೇಶದ ಕವಚ ಎಂದು ನಾವೂ ಹಾಗೆಯೇ ಕೈಯೆತ್ತುತ್ತೇವೆ. (ಫ್ರಾನ್ಸಿನ ಅಧ್ಯಕ್ಷ ದಗಾಲ್ ಯುರೋಪಿನ ಸಭೆಗಳನ್ನು ಬಹಿಷ್ಕರಿಸಿದ ‘ಖಾಲಿ ಕುರ್ಚಿ’ಯ ಬಿಕ್ಕಟ್ಟು ತೀರಿ, ವೀಟೊಗೆ ಜೀವ ಉಳಿದ 1966ರ ಜನವರಿಯ ರಾಜಿಗೆ ‘ಲಕ್ಸೆಂಬರ್ಗ್ ರಾಜಿ’ ಎಂಬ ಹೆಸರೇ ಅಂಟಿದೆ, ಸಭೆಯ ಅಧ್ಯಕ್ಷತೆ ವಹಿಸಿದ್ದವರು ನಮ್ಮ ಪಕ್ಷದ ಪಿಯರ್ ವೆರ್ನರ್.) ಬೆಕ್ ಅವರು ಉಕ್ಕನ್ನು ಒಪ್ಪಿಸಿದ ದೇಶಕ್ಕೆ ಇದು ಒಪ್ಪುವುದಿಲ್ಲ. ನಾಳೆಯೇ ವೀಟೊ ಬಿಡಿ ಎಂದು ನಾನು ಹೇಳುತ್ತಿಲ್ಲ. ತೆರಿಗೆ ವಂಚನೆಯನ್ನು ತಡೆಯುವ ಕ್ರಮಗಳಿಗಾದರೂ ಅರ್ಹ ಬಹುಮತ ಸಾಕು ಎಂಬ ಪ್ರಸ್ತಾಪವನ್ನು ಬೇರೆಯವರು ತರುವುದಕ್ಕೆ ಮುಂಚೆ ನಾವೇ ತಂದರೆ, ಹಂಗರಿಗೆ ಹೇಳುವ ಬುದ್ಧಿಮಾತಿಗೆ ಆಗ ತೂಕ ಬರುತ್ತದೆ.

ನಮ್ಮ ಪಕ್ಷ ಸೇರಿರುವ, ಯುರೋಪಿನ ಕ್ರೈಸ್ತ ಪ್ರಜಾಪ್ರಭುತ್ವವಾದಿ ಪಕ್ಷಗಳ ಕೂಟವಾದ ಯುರೋಪಿಯನ್ ಪೀಪಲ್ಸ್ ಪಾರ್ಟಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ದೊಡ್ಡ ಕಂಪನಿಗಳು ತಮ್ಮ ಪೂರೈಕೆ ಸರಪಳಿಯಲ್ಲಿ ಮಾನವ ಹಕ್ಕು ಮತ್ತು ಪರಿಸರಕ್ಕೆ ಆಗುವ ಹಾನಿಯನ್ನು ಪರಿಶೀಲಿಸಿ ಸರಿಪಡಿಸಬೇಕೆಂಬ ಯುರೋಪಿನ ನಿರ್ದೇಶನ 2024ರಲ್ಲಿ ಅಂಗೀಕಾರವಾಯಿತು. 2025ರ ನವೆಂಬರ್‌ನಲ್ಲಿ ಯುರೋಪಿನ ಸಂಸತ್ತಿನಲ್ಲಿ ನಮ್ಮ ಬಣ, ತೀವ್ರ ಬಲಪಂಥೀಯ ಬಣಗಳ ಮತಗಳನ್ನು ಕೂಡಿಸಿಕೊಂಡು ಅದನ್ನು ಸಡಿಲಿಸುವ ನಿಲುವನ್ನು ಗೆಲ್ಲಿಸಿತು. ಚಿಕ್ಕ ಉದ್ಯಮಗಳ ಮೇಲಿನ ಕಾಗದಪತ್ರದ ಹೊರೆ ತಗ್ಗಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆಸ್ತಿಗೆ ಸಮಾಜದ ಋಣವಿದೆ ಎನ್ನುವ ಚಿಂತನೆ, ಆ ಋಣ ಗಡಿಯಲ್ಲಿ ನಿಂತುಹೋಗುತ್ತದೆ ಎಂದು ಎಂದೂ ಹೇಳಿರಲಿಲ್ಲ. ಕರ್ನಾಟಕದ ಓದುಗರಿಗೆ ಇದು ದೂರದ ಮಾತಲ್ಲ. ನಮ್ಮ ಹಳೆಯ ಆರ್ಬೆಡ್ ಉಕ್ಕು ಕಂಪನಿಯ ಇಂದಿನ ವಾರಸುದಾರ ಆರ್ಸೆಲರ್ ಮಿತ್ತಲ್‌ನ ಕೇಂದ್ರ ಕಚೇರಿ ಲಕ್ಸೆಂಬರ್ಗ್‌ನಲ್ಲಿದೆ. ಬಳ್ಳಾರಿ ಜಿಲ್ಲೆಯ ಕುಡತಿನಿಯ ಆಸುಪಾಸಿನಲ್ಲಿ ಅದರ ಕಾರ್ಖಾನೆಗೆಂದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ರೈತರ ಜಮೀನನ್ನು ಸ್ವಾಧೀನಪಡಿಸಿಕೊಂಡು ಹತ್ತು ವರ್ಷಗಳ ಮೇಲಾಯಿತು. ಕಾರ್ಖಾನೆ ಬರಲಿಲ್ಲ, ಪರಿಹಾರ ಸಾಲದು, ಉದ್ಯೋಗವೂ ಇಲ್ಲ ಎಂದು ಜಮೀನು ಕೊಟ್ಟವರು ಧರಣಿ ಕುಳಿತರು. ಅದರಲ್ಲಿ ಯಾರ ಹೊಣೆ ಎಷ್ಟು, ಸರ್ಕಾರದ್ದೆಷ್ಟು ಕಂಪನಿಯದೆಷ್ಟು ಎಂದು ತೀರ್ಮಾನಿಸಲು ಈ ಪತ್ರ ಜಾಗವಲ್ಲ. ಅಂಥ ರೈತನೊಬ್ಬ ಲಕ್ಸೆಂಬರ್ಗ್‌ನತ್ತ ತಿರುಗಿ ಒಂದು ಪ್ರಶ್ನೆ ಕೇಳಬಹುದಾದರೆ ಅದನ್ನು ಕೇಳಿಸಿಕೊಳ್ಳುವ ಕಿಟಕಿಯೊಂದು ಇರಬೇಕೋ ಬೇಡವೋ ಎಂಬುದಷ್ಟೇ ಆ ನಿರ್ದೇಶನದ ವಿಷಯವಾಗಿತ್ತು.

ಷೆಂಗೆನ್ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಆರಂಭಿಸಿದಾಗ, ಒಳಗಡಿಗಳ ತಪಾಸಣೆಯನ್ನು ತೆಗೆದುಹಾಕಲು ಮಾಡಿಕೊಂಡ 1985ರ ಒಪ್ಪಂದಕ್ಕೆ ಹೆಸರು ಕೊಟ್ಟ ಹಳ್ಳಿ ಇರುವ ದೇಶವಾಗಿ ನಾವು ಪ್ರತಿಭಟಿಸಿದೆವು. ಬರ್ಲಿನ್‌ನಲ್ಲಿ ಈಗ ನಮ್ಮ ಸೋದರಪಕ್ಷವೇ ಅಧಿಕಾರದಲ್ಲಿರುವುದರಿಂದ ಆ ಧ್ವನಿ ಮೆತ್ತಗಾಗಬಾರದು.

ಕೊನೆಯದಾಗಿ ನನ್ನ ಕೋರಿಕೆಗಳು. ಮುಂದಿನ ಬಜೆಟ್ ಮಸೂದೆ ಸಂಸತ್ತಿಗೆ ಬರುವಾಗ, ಅಭಿವೃದ್ಧಿ ನೆರವಿನ ಶೇಕಡ 1ನ್ನು ಮೈತ್ರಿ ಒಪ್ಪಂದದ ವಾಕ್ಯವಾಗಿ ಬಿಡದೆ ಕಾನೂನಿನ ಕಲಮಾಗಿ ಬರೆಯಿಸಬೇಕು, ಮತ್ತು ರಕ್ಷಣೆಗೆ ಸೇರುವ ಹೊಸ ಹಣದ ಮೂಲ ಯಾವುದೆಂದು ಅದೇ ಮಸೂದೆಯ ಜೊತೆಗೆ ಹೇಳಬೇಕು. ಸಾಲ ಮಾಡುವುದಾದರೆ ಸಾಲ ಎಂದು, ತೆರಿಗೆ ಹಾಕುವುದಾದರೆ ತೆರಿಗೆ ಎಂದು. ಯುದ್ಧದಲ್ಲಿ ತೊಡಗಿರುವ ಯಾವುದೇ ದೇಶದ ಸಾಲಪತ್ರ ನಮ್ಮ ನಿಯಂತ್ರಕರ ಮೇಜಿಗೆ ಬಂದಾಗ, ವಿದೇಶಾಂಗ ಇಲಾಖೆ ತನ್ನ ಅಭಿಪ್ರಾಯವನ್ನು ಬರಹದಲ್ಲಿ ದಾಖಲಿಸಿ ಸಂಸತ್ತಿಗೆ ಸಲ್ಲಿಸುವ ಪದ್ಧತಿ ಬರಬೇಕು. ನಿಯಂತ್ರಕರ ಸ್ವಾತಂತ್ರ್ಯ ಅದರಿಂದ ಕುಂದುವುದಿಲ್ಲ, ಆದರೆ ಸರ್ಕಾರಕ್ಕೆ ಗೊತ್ತೇ ಇರಲಿಲ್ಲ ಎಂದು ಹೇಳುವ ಅವಕಾಶ ಇಲ್ಲವಾಗುತ್ತದೆ. ಈ ವಿಷಯಗಳನ್ನು ಪಕ್ಷದ ಮುಂದಿನ ಮಹಾಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಸದಸ್ಯರಲ್ಲಿಯೂ, ಅದಕ್ಕೆ ಮೊದಲೇ ಲಿಖಿತ ಉತ್ತರ ನೀಡಬೇಕೆಂದು ತಮ್ಮಲ್ಲಿಯೂ ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಲಕ್ಸೆಂಬರ್ಗ್ ನಗರದ ಒಬ್ಬ ಕನ್ನಡಿಗ ಮತದಾರ